ಎಂಟು ಮನೆಯ ರಿವಾಲ್ವರು ಮತ್ತು ವಾಪಸಾಗದ ದೂರು

ಅವರ ಬಲಗಿವಿಯಲ್ಲಿ ಕಿತ್ತಳೆ ಬಣ್ಣದ ಸ್ಪಂಜಿನ ಬಿರಡೆಯೊಂದು ಸದಾ ಇರುತ್ತಿತ್ತು, ಎಡಗಿವಿ ಬರಿದಾಗಿರುತ್ತಿತ್ತು. ಗುಂಡು ಹಾರಿಸುವ ಅಂಕಣದ ಬಳಿ ನಿಂತವರೆಲ್ಲರೂ ಎರಡೂ ಕಿವಿಗಳನ್ನು ಮುಚ್ಚಿಕೊಳ್ಳತಕ್ಕದ್ದೆಂಬ ನಿಯಮವನ್ನು ದಪ್ಪ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿದವರೂ ಅವರೇ. ಮೊದಲ ಭಾನುವಾರವೇ ನಾನು ಈ ಅಸಂಗತಿಯನ್ನು ಎತ್ತಿ ತೋರಿಸಿದೆ. ಮೈಸೂರಿನ ಶಾಲೆಯೊಂದರಲ್ಲಿ ಹತ್ತೊಂಬತ್ತು ವರ್ಷ ಮಕ್ಕಳ ವಾಕ್ಯಗಳನ್ನು ತಿದ್ದಿ ಬಂದವಳಿಗೆ ತಪ್ಪು ಕಂಡಾಗ ಸುಮ್ಮನಿರುವುದು ಅಭ್ಯಾಸವಿಲ್ಲ.

“ಎಡಗಿವಿ ಫೌಜಿಗೆ ಕೊಟ್ಟ ಬಂದೇನ್ರಿ ಟೀಚರ್,” ಎಂದರು ಅವರು. “ಅದರಾಗ ಇನ್ನ ಮುಚ್ಚೂದು ಏನ ಉಳದೈತಿ? ಬಲಗಿವಿ ಮನೀಗೆ ಬೇಕು. ಮನಿಯಾಕಿ ಬೈಯೂದರ ಕೇಳಸಬೇಕಲ್ಲ.”

ಅವರು ನಮ್ಮ ಶೂಟಿಂಗ್ ಕ್ಲಬ್ಬಿನ ಆಯುಧ ಕೋಣೆಯ ಉಸ್ತುವಾರಿ. ಬೆಳಗಾವಿ ಸೀಮೆಯವರು. ಸೇನೆಯಲ್ಲಿ ಬಂದೂಕು ರಿಪೇರಿಯ ಕೆಲಸ ಮಾಡಿ ನಿವೃತ್ತರಾದ ಮೇಲೆ, ಇಲ್ಲಿ, ಮಲಯ ದೇಶದಲ್ಲಿ, ಕ್ಲಾಂಗ್ ಊರಿನ ತಮಿಳು ಹೆಣ್ಣೊಬ್ಬಳನ್ನು ಮದುವೆಯಾಗಿ ಈ ದೇಶದವರೇ ಆಗಿದ್ದರು. ಆಕೆ ತಮಿಳಿನಲ್ಲಿ ಬೈದರೆ ಅವರು ಕನ್ನಡದಲ್ಲಿ ಉತ್ತರಿಸುತ್ತಿದ್ದರು; ಇಪ್ಪತ್ತೈದು ವರ್ಷಗಳಲ್ಲಿ ಒಬ್ಬರೂ ತಮ್ಮ ಭಾಷೆಯನ್ನು ಬಿಟ್ಟುಕೊಟ್ಟಿರಲಿಲ್ಲ. ಕ್ಲಬ್ಬಿನಲ್ಲಿ ಎಲ್ಲರೂ ಅವರನ್ನು ಅಂಕಲ್ ಎನ್ನುತ್ತಿದ್ದರು. ನನಗೆ ಮಾತ್ರ ಆ ಅನುಮತಿ ಸಿಗಲಿಲ್ಲ. “ಇಲ್ಲಿ ಟ್ಯಾಕ್ಸಿ ಹೊಡಿಯಾಂವನೂ ಅಂಕಲ್, ತರಕಾರಿ ಮಾರಾಂವನೂ ಅಂಕಲ್. ಕನ್ನಡದಾಕಿ ನೀವರೆ ಕಾಕಾ ಅನ್ರಿ.” ಹಾಗೆ ಅವರು ನನಗೆ ಕಾಕಾ ಆದರು.

ಪುಚೊಂಗಿನ ನಮ್ಮ ಮನೆಯಿಂದ ನಿಲಾಯ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಾಗಿ, ಎಣ್ಣೆತಾಳೆಯ ಮರಗಳ ನಡುವೆ ಒಳಕ್ಕೆ ತಿರುಗಿದರೆ ಆ ಕ್ಲಬ್ಬು ಸಿಗುತ್ತದೆ. ಪತಿಯ ಉದ್ಯೋಗದ ಹಿಂದೆ ಬಂದು, ಕೆಲಸವಿಲ್ಲದೆ ಕುಳಿತಿದ್ದ ನಾನು, ಒಂದು ಶಿಸ್ತಿಗಾಗಿ ಅಲ್ಲಿಗೆ ಸೇರಿದೆ. ಇಷ್ಟಪಟ್ಟವರೆಲ್ಲ ಮನೆಯಲ್ಲಿ ಆಯುಧ ಇಟ್ಟುಕೊಳ್ಳುವ ದೇಶವಲ್ಲ ಇದು. ಕ್ಲಬ್ಬಿನ ಬಂದೂಕುಗಳೆಲ್ಲ ಒಂದೇ ಕಬ್ಬಿಣದ ಕೋಣೆಯಲ್ಲಿರುತ್ತವೆ. ಹೊರಹೋದ ಕಾಡತೂಸಿಗೆ ಪ್ರತಿಯಾಗಿ ಅದರ ಖಾಲಿ ಕೋಶ ಒಳಗೆ ಬರಬೇಕು. ಆ ಕೋಣೆಯ ಬೀಗದ ಕೈ ಹಗಲೆಲ್ಲ ಕಾಕಾರ ಸೊಂಟದ ಉಡಿದಾರದಲ್ಲಿ ತೂಗುತ್ತಿತ್ತು. ಮಧ್ಯಾಹ್ನ ‘ಟಪಾವ್’ ಎಂದು ಹೇಳಿ ಪೊಟ್ಟಣ ಕಟ್ಟಿಸಿಕೊಂಡು ಬಂದ ನಾಸಿ ಲೆಮಾಕ್ ಎಂಬ ತೆಂಗಿನಹಾಲಿನ ಅನ್ನದ ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡು, ಆ ಬಾಗಿಲಿಗೇ ಬೆನ್ನು ಕೊಟ್ಟು ಕುಳಿತು ಉಣ್ಣುತ್ತಿದ್ದರು.

ಕೆಟ್ಟದಾಗಿ ಗುಂಡು ಹಾರಿಸಿ, ಗಾಳಿಯನ್ನೋ ಬೆಳಕನ್ನೋ ದೂರುವ ಸದಸ್ಯರಿಗೆ ಅವರದೊಂದು ಖಾಯಂ ಉತ್ತರವಿತ್ತು. ಗುರಿಹಾಳೆಯನ್ನು ಬಿಚ್ಚಿ ತಂದು ಅವರ ಕೈಗಿಟ್ಟು, “ಕಾಗದ ಸುಳ್ಳ ಹೇಳೂದಿಲ್ರಿ,” ಎನ್ನುತ್ತಿದ್ದರು. ಸುಳ್ಳು ಹೇಳುವ ಕಾಗದವನ್ನು ಅವರು ಅಲ್ಲಿಯವರೆಗೆ ಕಂಡಿರಲಿಲ್ಲ.

ಭಾನುವಾರಗಳಂದು ಅತಿಥಿ ಕುಟುಂಬಗಳಿಗಾಗಿ ಕ್ಲಬ್ಬಿನಲ್ಲಿ ಒಂದು ವಿಹಾರ ವಿಭಾಗ ನಡೆಯುತ್ತದೆ. ಅದಕ್ಕೊಬ್ಬ ಸಂಚಾಲಕರಿದ್ದರು: ಬೆಂಗಳೂರಿನವರು, ದೊಡ್ಡ ಸಾಫ್ಟ್‌ವೇರ್ ಹುದ್ದೆ, ಸಿರಿವಂತರ ಬಡಾವಣೆ ಮಾಂಟ್ ಕಿಯಾರಾದಲ್ಲಿ ಮನೆ. ಅವರ ಕುರಿತು ಬರೆಯುವಾಗ ಬಹುವಚನವನ್ನು ನಾನು ವ್ಯಾಕರಣಕ್ಕಾಗಿ ಬಳಸುತ್ತಿದ್ದೇನೆ, ಗೌರವಕ್ಕಾಗಿ ಅಲ್ಲ.

ಆ ವಿಭಾಗದ ಹಳೆಯ ರಿವಾಲ್ವರು ಸವೆದುಹೋಗಿತ್ತು. ಹೊಸದೊಂದನ್ನು ಕೊಳ್ಳಲು ಅನುಮತಿ ಬಂತು, ಒಂದಕ್ಕೆ ಮಾತ್ರ. ಚಿಕ್ಕ ಕಾಡತೂಸಿನದಾಗಿರಬೇಕು, ಹೊಸಬರ ಕೈಗೆ ಒಗ್ಗಬೇಕು, ಕ್ಲಬ್ಬಿನ ಕೈಗೆಟಕುವ ಬೆಲೆಯದಾಗಿರಬೇಕು. ಆಯ್ಕೆಯ ಹೊಣೆ ಸಂಚಾಲಕರು, ಕಾಕಾ ಮತ್ತು ಅಷ್ಟರಲ್ಲಿ ಆ ವಿಭಾಗದ ಲೆಕ್ಕ ಬರೆಯತೊಡಗಿದ್ದ ನಾನು, ಈ ಮೂವರ ಮೇಲೆ ಬಿತ್ತು. ಪರವಾನಗಿ ಪಡೆದ ವ್ಯಾಪಾರಿಯ ಅಂಗಡಿಯಲ್ಲಿ ನಮ್ಮ ಬೆಲೆಗೆ ಹೊಂದುವ ಎರಡು ರಿವಾಲ್ವರುಗಳಿದ್ದವು. ಒಂದು ಬೆಳ್ಳಿಯಂತೆ ಹೊಳೆಯುವ, ಹಗುರ ಲೋಹದ, ಹತ್ತು ಗುಂಡುಗಳದ್ದು. ಇನ್ನೊಂದು ಮಂಕು ಕಪ್ಪು ಬಣ್ಣದ, ಉಕ್ಕಿನ ಮೈಯ, ಎಂಟು ಗುಂಡುಗಳದ್ದು.

“ಮೇಡಂ, ಲುಕ್ ನೋಡಿ ಇದರದ್ದು!” ಎಂದು ಸಂಚಾಲಕರು ಬೆಳ್ಳಿಯದನ್ನು ಎತ್ತಿಕೊಂಡರು. “ಗೆಸ್ಟ್‌ಗಳು ಫೋಟೋ ತೆಗೆಸ್ಕೊಳ್ಳೋಕೆ ಕ್ಯೂ ನಿಲ್ತಾರೆ. ಆ ಕರಿಯದು ಯಾವ ತಾತನ ಕಾಲದ್ದೋ!”

ನಾನು ನನ್ನ ಸ್ವಭಾವಕ್ಕೆ ತಕ್ಕಂತೆ ಒಂದು ಕೋಷ್ಟಕ ಮಾಡಿದೆ. ಗುಂಡುಗಳ ಸಂಖ್ಯೆ, ತೂಕ, ಗುರಿಗಣ್ಣಿನ ಹೊಂದಾಣಿಕೆ, ಬೆಲೆ, ನೋಟ, ಪ್ರತಿಯೊಂದಕ್ಕೂ ಇಪ್ಪತ್ತು ಅಂಕ. ಬೆಳ್ಳಿಯದು ಸುಲಭವಾಗಿ ಗೆದ್ದಿತು. ಕಾಕಾ ಆ ಹಾಳೆಯನ್ನು ಗಮನವಿಟ್ಟು ಓದಿದರು.

“ಪೇಪರ್ ಚಂದ ತಿದ್ದೀರಿ ಟೀಚರ್. ಆದರ ಪರೀಕ್ಷಾನ ಆಗಿಲ್ಲಲ್ರಿ?”

ಅಂಗಿಯ ಜೇಬಿನಿಂದ ಒಂದು ಹಿಡಿ ಹಳದಿ ಗಿಟ್ಟಿಗಳನ್ನು ತೆಗೆದರು. ಗೋಡೆಗೆ ಸ್ಕ್ರೂ ಹಾಕುವ ಮೊದಲು ತೂತಿನಲ್ಲಿ ಕೂರಿಸುವ ಪ್ಲಾಸ್ಟಿಕ್ ತುಂಡುಗಳು. ರಿವಾಲ್ವರಿನ ಉರುಳೆಯಲ್ಲಿ ಗುಂಡು ಕೂರುವ ತೂತುಗಳನ್ನು ಅವರು ‘ಮನಿ’ ಎನ್ನುತ್ತಿದ್ದರು. ಮನೆಗೊಂದರಂತೆ ಗಿಟ್ಟಿಗಳನ್ನು ತುಂಬುತ್ತ ಹೇಳಿದರು:

“ಇದು ರಿಮ್‌ಫೈರ್. ಇದರ ಕಾಡತೂಸಿನ್ಯಾಗ ಬೆಂಕಿ ಹತ್ತೂ ಮದ್ದು ನಡುವ ಇರೂದಿಲ್ಲ, ಅಂಚಿನ್ಯಾಗ ಇರತೈತಿ. ಪಿನ್ನು ಅಂಚಿಗೇ ಬಡೀತೈತಿ. ಮನಿ ಖಾಲಿ ಇದ್ದಾಗ ಟ್ರಿಗರ್ ಎಳದ್ರ ಅದೇ ಪಿನ್ನು ಮನಿ ಬಾಗಲ ಚೌಕಟ್ಟಿಗೆ ಬಡೀತೈತಿ. ಕೆಲವು ಕಂಪನ್ಯಾವ್ರು ತಡೆ ಇಟ್ಟಿರತಾರ. ನಮ್ಮ ರೇಟಿನ ಮಾಲಿನ್ಯಾಗ ಅದನ್ನ ನಂಬಬ್ಯಾಡ್ರಿ. ಹತ್ತ ಸಲ ಬಡದ್ರ ಏನಾಗೂದಿಲ್ಲ. ದಿನಾ ಬಡದ್ರ ಚೌಕಟ್ಟ ಕುಳಿ ಬೀಳತೈತಿ, ಪಿನ್ನಿನ ಮೂಗ ಮೊಂಡ ಆಗತೈತಿ. ಅದಕ್ಕ ಈ ಗಿಟ್ಟಿ. ಪೆಟ್ಟು ಇದು ತಿಂತೈತಿ.”

ಆಮೇಲೆ ರಿವಾಲ್ವರನ್ನು ನನ್ನ ಕೈಗಿತ್ತು, ನಳಿಗೆಯ ಮೇಲೆ ಒಂದು ಚಿಕ್ಕ ನಾಣ್ಯವನ್ನು ನಿಲ್ಲಿಸಿದರು. “ಎಳೀರಿ. ನಾಣ್ಯ ಬೀಳಬಾರದು.” ಈ ಬಗೆಯ ರಿವಾಲ್ವರಿನಲ್ಲಿ ಟ್ರಿಗರನ್ನು ಒಮ್ಮೆ ಎಳೆದರೆ ಪಿನ್ನನ್ನು ಬಡಿಯುವ ಹ್ಯಾಮರು ಹಿಂದಕ್ಕೆ ಹೋಗುವುದೂ ಮುಂದಕ್ಕೆ ಬೀಳುವುದೂ ಎರಡೂ ಆಗುತ್ತದೆ, ಆದ್ದರಿಂದ ಎಳೆತ ಭಾರ. ಬೆಳ್ಳಿಯದರಲ್ಲಿ ನಾನು ಹತ್ತು ಸಲ ಎಳೆದೆ. ಹತ್ತು ಸಲವೂ ನಾಣ್ಯ ಗಾಜಿನ ಮೇಜಿನ ಮೇಲೆ ಬಿತ್ತು. ಕಪ್ಪನೆಯದರಲ್ಲಿ ನಾಲ್ಕನೆಯ ಎಳೆತಕ್ಕೆ ನಾಣ್ಯ ನಿಂತಿತು.

“ಅಂಚಿನ ಮದ್ದಿಗೆ ಪೆಟ್ಟು ಜೋರ ಬೇಕು, ಅದಕ್ಕ ಸ್ಪ್ರಿಂಗ್ ಬಿರುಸ ಇರತೈತಿ,” ಎಂದರು ಕಾಕಾ. “ಬಿರುಸ ಟ್ರಿಗರು, ಹಗುರ ಮೈ, ಹೊಸಬರ ಬೆರಳು. ನಳಿಗಿ ನಡುಗದ ಇನ್ನೇನ ಮಾಡತೈತಿ? ಕೆಲವರು ಎಳೆತ ಹಗುರ ಆಗಲಿ ಅಂತ ಸ್ಪ್ರಿಂಗ್ ಕತ್ತರಸತಾರ. ಆಮ್ಯಾಲೆ ನಾಕರಾಗ ಒಂದು ಗುಂಡು ಹಾರೂದಿಲ್ಲ. ಅಂಥಾವ್ರ ಕೈಯಾಗ ಕಸಬರಿಗಿ ಕೊಡಬೇಕ್ರಿ, ರಿವಾಲ್ವರಲ್ಲ.”

ಕೊನೆಗೆ ಬಲಗಿವಿಯ ಬಿರಡೆಯನ್ನು ತೆಗೆದು, ಒಂದೊಂದೇ ರಿವಾಲ್ವರನ್ನು ಕಿವಿಗೆ ಹಿಡಿದು, ಟ್ರಿಗರನ್ನು ಎಳೆದು ಹಿಡಿದೇ ಉರುಳೆಯನ್ನು ಅಲ್ಲಾಡಿಸಿದರು. ಬೆಳ್ಳಿಯದು ಗುಟ್ಟಾಗಿ ಕಟಕಟ ಎಂದಿತು. ಕಪ್ಪನೆಯದು ಏನೂ ಹೇಳಲಿಲ್ಲ. ನಾನು ನನ್ನ ಕೋಷ್ಟಕವನ್ನು ಅಲ್ಲಿಯೇ ಹರಿದು ಹೊಸ ವರದಿ ಬರೆದೆ. ಕ್ಲಬ್ಬು ಕಪ್ಪನೆಯದನ್ನು ಕೊಂಡಿತು. ಹೊರಡುವಾಗ ಸಂಚಾಲಕರು ನಕ್ಕರು. “ಮೆಜಾರಿಟಿ ಲಾ, ಏನ್ ಮಾಡೋಕಾಗುತ್ತೆ,” ಎಂದು ಇಲ್ಲಿಯವರಂತೆ ಮಾತಿಗೊಂದು ‘ಲಾ’ ಸೇರಿಸಿ ಹೇಳಿದರು. ಕಣ್ಣಿನಲ್ಲಿ ನಗು ಇರಲಿಲ್ಲ.

ಮುಂದಿನ ಭಾನುವಾರಗಳಲ್ಲಿ ನಡೆದುದನ್ನು ನಾನು ಕಣ್ಣಾರೆ ಕಂಡೆ. ಕಾಕಾ ಕಬ್ಬಿಣದ ಕೋಣೆಯ ಕಿಂಡಿಯಿಂದ ರಿವಾಲ್ವರನ್ನು ಕೊಡುವಾಗ ಅದರ ಎಂಟೂ ಮನೆಗಳಲ್ಲಿ ಗಿಟ್ಟಿಗಳಿರುತ್ತಿದ್ದವು. ಸಂಚಾಲಕರು ಅಂಕಣಕ್ಕೆ ಬಂದೊಡನೆ ಅವನ್ನು ಅಂಗೈಗೆ ಸುರಿದುಕೊಂಡು ಜೇಬಿಗಿಳಿಸುತ್ತಿದ್ದರು. ಹಳದಿ ಪ್ಲಾಸ್ಟಿಕ್ಕು ವಿಡಿಯೋದಲ್ಲಿ ಚೆನ್ನಾಗಿ ಕಾಣುವುದಿಲ್ಲವಂತೆ. ಬಳಿಕ ಖಾಲಿ ರಿವಾಲ್ವರನ್ನು ಮಣ್ಣುದಿಬ್ಬದ ಕಡೆಗೆ ಚಾಚಿ, ಟಕ್ ಟಕ್ ಟಕ್ ಎಂದು ಎಳೆದು ತೋರಿಸುವುದು. ಅತಿಥಿಗಳ ಕೈಗೂ ಕೊಟ್ಟು ಎಳೆಸುವುದು. ಸಂಜೆ ಗಿಟ್ಟಿಗಳು ಮತ್ತೆ ಮನೆ ಸೇರಿ ಕಿಂಡಿಗೆ ಮರಳುತ್ತಿದ್ದವು. ಒಳಗಿದ್ದ ಕಾಕಾರಿಗೆ ಅದು ಕಾಣುತ್ತಿರಲಿಲ್ಲ; ಕೆಟ್ಟ ಎಡಗಿವಿಗೂ ಬಿರಡೆಯಿಟ್ಟ ಬಲಗಿವಿಗೂ ಕೇಳುತ್ತಲೂ ಇರಲಿಲ್ಲ.

ನಾನು ಮಾತ್ರ ಹತ್ತು ಹೆಜ್ಜೆಯ ದೂರದಲ್ಲಿ ಖಾಲಿ ಕೋಶಗಳನ್ನು ಎಣಿಸುತ್ತಿದ್ದೆ. ಏಕೆ ಬಾಯಿ ತೆರೆಯಲಿಲ್ಲ? ಸಂಚಾಲಕರು ತಮ್ಮ ಮಕ್ಕಳಿಗೆ ಕನ್ನಡ ಕಲಿಸಲು ನನ್ನನ್ನು ಕೇಳಿಕೊಂಡಿದ್ದರು. ಅತಿಥಿಗಳ ಮುಂದೆ, “ಇವರು ನಮ್ಮ ಕನ್ನಡ ಮೇಡಂ, ಇವರ ಮುಂದೆ ಹುಷಾರಾಗಿ ಮಾತಾಡಿ,” ಎಂದು ಪರಿಚಯಿಸುತ್ತಿದ್ದರು. ಬಹಳ ದಿನಗಳ ಮೇಲೆ ಯಾರೋ ನನ್ನನ್ನು ಮೇಡಂ ಎಂದು ಮುಂದೆ ನಿಲ್ಲಿಸಿದ್ದರು. ಅಷ್ಟಕ್ಕೇ ನಾನು ಸುಮ್ಮನಾದೆ.

ಆಮೇಲೊಂದು ಭಾನುವಾರ ಸಂಚಾಲಕರ ಮೇಲಧಿಕಾರಿ ಸಿಂಗಪುರದಿಂದ ಬಂದರು. ಅವರೆದುರು ಎಂಟು ಗುಂಡು ತುಂಬಿ ಸಂಚಾಲಕರು ತಾವೇ ನಿಂತರು. ಮೊದಲನೆಯದು ಹಾರಿತು. ಎರಡನೆಯದು ಟಕ್ ಎಂದಿತು. ಐದನೆಯದು, ಏಳನೆಯದು, ಮತ್ತೆ ಟಕ್. ಮೇಲಧಿಕಾರಿ ನಕ್ಕು ಭುಜ ತಟ್ಟಿದರು. ಮರುದಿನ ಕ್ಲಬ್ಬಿಗೆ ಒಂದು ಪುಟದ ದೂರು ಬಂತು: ಆಯುಧ ಕೋಣೆಯ ಉಸ್ತುವಾರಿ, ಟ್ರಿಗರು ನಯವಾಗಿದೆಯೆಂದು ಹೊಗಳಿಸಿಕೊಳ್ಳುವ ಆಸೆಯಿಂದ, ಕ್ಲಬ್ಬಿನ ರಿವಾಲ್ವರಿನ ಸ್ಪ್ರಿಂಗನ್ನು ಕತ್ತರಿಸಿದ್ದಾರೆ.

ಪರವಾನಗಿಯ ಆಯುಧವನ್ನು ಕೆಡಿಸಿದ ಆರೋಪ ಈ ದೇಶದಲ್ಲಿ ಚಿಕ್ಕದಲ್ಲ. ಅಧ್ಯಕ್ಷೆ, ನಾವೆಲ್ಲ ಪುವಾನ್ ಎಂದು ಕರೆಯುವ ಹಿರಿಯ ಮಲಯ ಮಹಿಳೆ, ತಾವೇ ಕಿಂಡಿಯ ಬಳಿ ಬಂದು ಕೈಚಾಚಿದರು. “ಸಾರಿ ಅಂಕಲ್. ಪೇಪರ್ ಕಮ್ ಆಲ್ರೆಡಿ, ವಾಟ್ ಟು ಡು ಲಾ.” ಕಾಕಾರಿಗೆ ಉಡಿದಾರದಿಂದ ಬೀಗದ ಕೈಯನ್ನು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಗಂಟು ಹಳೆಯದು.

ಆ ಸಂಜೆ ಮಾಮಕ್ ಚಹದಂಗಡಿಯಲ್ಲಿ ಕಾಕಾ ಮತ್ತು ನಾನು ಎದುರುಬದುರು ಕುಳಿತೆವು. ಚಹದ ಲೋಟದ ಮೇಲಿನ ನೊರೆ ಇಳಿದು ಕೆನೆ ಕಟ್ಟಿದರೂ ಅವರು ಮುಟ್ಟಲಿಲ್ಲ. ನಾನು ಕಂಡದ್ದನ್ನೆಲ್ಲ ಒಪ್ಪಿಕೊಂಡೆ.

“ಎಷ್ಟ ಭಾನುವಾರ ನೋಡೀರಿ?”

“ಒಂಬತ್ತು.”

“ಒಂಬತ್ತೂ ಭಾನುವಾರ ಬಾಯಿ ತಗದಿಲ್ಲ.”

“ತೆಗೆದಿಲ್ಲ, ಕಾಕಾ.”

ಬೈಯುತ್ತಾರೆಂದುಕೊಂಡೆ. ಅವರು ಲೋಟವನ್ನು ಪಕ್ಕಕ್ಕೆ ಸರಿಸಿದರು. “ಹಂಗಾರ ಈಗ ತಗೀರಿ. ನನಗ ಸೇಡು ಬೇಕ್ರಿ ಟೀಚರ್. ಸಮಾಧಾನ ಗಿಮಾಧಾನ ಏನೂ ಬ್ಯಾಡ. ಆದರ ಅವಸರ ಮಾಡಬ್ಯಾಡ್ರಿ. ಅಂವನ ಬಾಯಿಲೇ ಹೇಳಸ್ರಿ, ಬರಕೋರಿ, ಸಹಿ ತಗೋರಿ. ಆಮ್ಯಾಲೆ ನಾ ಬರತೇನಿ.”

ಪುವಾನರೆದುರು ದೂರಿನ ವಿಚಾರಣೆ ನಡೆದ ದಿನ ನಡಾವಳಿ ಬರೆಯುವ ಕೆಲಸ ನನ್ನದಾಗಿತ್ತು. ಶಾಲೆಯಲ್ಲಿ ಕಳ್ಳಹೋಂವರ್ಕಿನ ಹುಡುಗರನ್ನು ಕೇಳುತ್ತಿದ್ದ ದನಿಯಲ್ಲಿ, ಅತಿ ಮೆತ್ತಗೆ ಕೇಳಿದೆ: “ಟ್ರಿಗರು ಬದಲಾಗಿದೆಯೆಂದು ತಮಗೆ ಹೇಗೆ ತಿಳಿಯಿತು, ಸಾರ್?”

“ಏನ್ ಮೇಡಂ ಹಿಂಗ್ ಕೇಳ್ತೀರಾ! ಆ ಗನ್ ನನ್ನಷ್ಟು ಯಾರಿಗೆ ಗೊತ್ತು? ಪ್ರತಿ ಸಂಡೇ ಇನ್ನೂರು ಸಲನಾದ್ರೂ ಎಳೀತೀನಿ, ಗೆಸ್ಟ್‌ಗಳಿಗೆ ತೋರ್ಸೋಕೆ.”

“ಗುಂಡು ತುಂಬಿಯೋ, ಖಾಲಿಯೋ?”

“ಖಾಲಿನೇ. ಸೇಫ್ಟಿ ಫಸ್ಟ್ ಅಲ್ವಾ?”

“ಆ ಹಳದಿ ಗಿಟ್ಟಿಗಳನ್ನು ಇಟ್ಟುಕೊಂಡೋ?”

“ಅಯ್ಯೋ, ಅದೆಲ್ಲ ತೆಗ್ದುಬಿಡ್ತೀನಿ. ಅಸಹ್ಯವಾಗಿರುತ್ತೆ.”

ಬರೆದೆ. ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಅವರು ತಮ್ಮ ದಪ್ಪ ನಿಬ್ಬಿನ ಪೆನ್ನಿನಿಂದ ಸಹಿ ಹಾಕಿದರು. ಆ ಸಹಿ ಒಣಗುವುದನ್ನು ನೋಡುವಾಗ ನನಗಾದ ಸುಖವನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಆಗ ಕಾಕಾ ಎದ್ದರು. ರಿವಾಲ್ವರಿನ ಉರುಳೆಯನ್ನು ತೆರೆದು, ಭೂತಗನ್ನಡಿಯನ್ನು ಪುವಾನರ ಕೈಗಿತ್ತರು. ಎಂಟು ಮನೆಗಳ ಬಾಗಿಲಲ್ಲೂ ಒಂದೇ ಜಾಗದಲ್ಲಿ, ಪಿನ್ನಿನ ಗಾತ್ರದ, ಹೊಳೆಯುವ ಕುಳಿ. ಮೂರು ಮನೆಗಳಲ್ಲಿ ಕುಳಿಯ ಪಕ್ಕದ ಲೋಹ ಒಳಕ್ಕೆ ಉಬ್ಬಿ ಕಾಡತೂಸನ್ನು ಸರಿಯಾಗಿ ಕೂರಗೊಡುತ್ತಿರಲಿಲ್ಲ; ಆ ಮೂರಕ್ಕೇ ಪಿನ್ನಿನ ಪೆಟ್ಟು ಸಾಲದೆ ಗುಂಡು ಹಾರಿರಲಿಲ್ಲ. ಆಮೇಲೆ ಸ್ಪ್ರಿಂಗನ್ನು ಬಿಚ್ಚಿ ತೆಗೆದು, ವ್ಯಾಪಾರಿಯಿಂದ ತರಿಸಿದ ಹೊಸ ಸ್ಪ್ರಿಂಗಿನ ಪಕ್ಕ ನಿಲ್ಲಿಸಿದರು. ಎರಡೂ ಒಂದೇ ಎತ್ತರ, ಸುತ್ತುಗಳೂ ಸಮ. ಪುವಾನ್ ಭೂತಗನ್ನಡಿಯನ್ನು ಸಂಚಾಲಕರ ಕಡೆಗೆ ತಳ್ಳಿದರು. “ಯೂ ಲುಕ್ ಲಾ.”

ಸಂಚಾಲಕರು ನೋಡಲಿಲ್ಲ. “ಓಕೆ, ಓಕೆ. ಏನೋ ಮಿಸ್‌ಅಂಡರ್‌ಸ್ಟ್ಯಾಂಡಿಂಗ್ ಆಯ್ತು. ಬಿಟ್ಬಿಡೋಣ ಅಂಕಲ್.”

“ಬರದ ಕೊಡ್ರಿ.”

“ಬಾಯಲ್ಲಿ ಹೇಳಿದೀನಲ್ಲ?”

“ದೂರು ಬಾಯಿಲೆ ಕೊಟ್ಟಿದ್ರೇನ್ರಿ?”

ಸೋಮವಾರ ಬರೆದು ಕಳಿಸುವುದಾಗಿ ಸಂಚಾಲಕರು ಹೇಳಿದರು. ಬೀಗದ ಕೈ ಕಾಕಾರಿಗೆ ಮರಳಿತು. ಆದರೆ ಕ್ಲಬ್ಬಿನಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿದೆ: ಸಿಬ್ಬಂದಿಯ ಕಡತಕ್ಕೆ ಸೇರಿದ ದೂರನ್ನು, ಕೊಟ್ಟವರೇ ಕೈಬರಹದಲ್ಲಿ ಹಿಂತೆಗೆದುಕೊಳ್ಳದೆ, ತೆಗೆಯುವಂತಿಲ್ಲ. ಆಯುಧ ಕೆಡಿಸಿದವನೆಂಬ ಆ ಪುಟ ಕಾಕಾರ ಹೆಸರಿನ ಕಡತದಲ್ಲಿ ಉಳಿಯಿತು. ಕಾಕಾ ಹೊಸ ಪಿನ್ನು ಹಾಕಿ, ಕುಳಿಗಳನ್ನು ಒಂದೊಂದಾಗಿ ನೇರ್ಪುಮಾಡಿ, ರಿವಾಲ್ವರನ್ನು ಮೊದಲಿನಂತೆ ಮಾಡಿದರು. ಪುಟವನ್ನು ನೇರ್ಪುಮಾಡುವ ಸಲಕರಣೆ ಅವರಲ್ಲಿರಲಿಲ್ಲ.

ಇನ್ನು ಮುಂದೆ ರಿವಾಲ್ವರನ್ನು ತೋರಿಸುವವರು ಎಲ್ಲರೆದುರು ಗಿಟ್ಟಿ ತುಂಬಿಯೇ ತೋರಿಸಬೇಕೆಂದು ಪುವಾನ್ ಆದೇಶಿಸಿದರು. ಮುಂದಿನ ಭಾನುವಾರ ಕಾಕಾ ಕುರ್ಚಿಯನ್ನು ಅಂಕಣದ ಬಳಿಗೇ ತಂದು ಹಾಕಿಕೊಂಡು, ನಾಸಿ ಲೆಮಾಕಿನ ಪೊಟ್ಟಣ ಬಿಚ್ಚಿದರು. ಅತಿಥಿಗಳ ಮುಂದೆ ಸಂಚಾಲಕರ ಬೆರಳುಗಳು ಗಿಟ್ಟಿಗಳೊಡನೆ ತಡವರಿಸುತ್ತಿದ್ದವು.

“ಮೂರನೇ ಮನಿ ಬಿಟ್ರಿ ಸಾಹೇಬ್ರ.”

ನಾನು ಬಾಯಿಗೆ ಸೆರಗು ಹಿಡಿದು ನಕ್ಕೆ. ಕಾಕಾ ನಗಲಿಲ್ಲ, ತುತ್ತು ನುಂಗಿ, “ಕಾಗದ ತಂದೀರೇನ್ರಿ?” ಎಂದು ಕೇಳಿದರು. ಮರುವಾರವೂ ಅದೇ ಪ್ರಶ್ನೆ. ಮೂರನೆಯ ವಾರ ಸಂಚಾಲಕರು ಬರಲಿಲ್ಲ. ಕಂಪನಿಯ ಕೆಲಸದ ಮೇಲೆ ಬೇರೆ ದೇಶಕ್ಕೆ ಹೋದರೆಂದು ತಿಳಿಯಿತು.

ಆಮೇಲಿನ ತಿಂಗಳುಗಳಲ್ಲಿ ಪ್ರತಿ ಭಾನುವಾರ ಕಿಂಡಿಯಿಂದ ಮೊದಲು ಹೊರಬರುತ್ತಿದ್ದುದು ನಮಸ್ಕಾರವಲ್ಲ. “ಬಂತೇನ್ರಿ?” ನಾನು ಹನ್ನೊಂದು ಮಿಂಚಂಚೆ ಬರೆದೆ. ಒಂದಕ್ಕೆ ಹೆಬ್ಬೆರಳಿನ ಚಿತ್ರ ಬಂತು. ಉಳಿದವಕ್ಕೆ ಅದೂ ಇಲ್ಲ. ಅಷ್ಟರಲ್ಲಿ ಕಾಕಾರ ಪುಪ್ಪುಸಕ್ಕೆ ರೋಗ ಹತ್ತಿತು. ಕ್ಲಾಂಗಿನ ಆಸ್ಪತ್ರೆಯಲ್ಲಿ ಅವರನ್ನು ನೋಡಲು ಹೋದಾಗ, ಹೆಂಡತಿ ತಮಿಳಿನಲ್ಲಿ ಬೈಯುತ್ತ ಗಂಜಿ ಕುಡಿಸುತ್ತಿದ್ದಳು. ಆಕೆ ಲೋಟ ತೊಳೆಯಲು ಹೋದಾಗ ನಾನು ಬಾಗಿ, ಅವರ ಬಲಗಿವಿಯ ಬಳಿ ಹೇಳಿದೆ: “ಕಡತದ ಕಪಾಟು ನನಗೆ ತೆರೆಯಲು ಬರುತ್ತದೆ, ಕಾಕಾ. ಆ ಪುಟವನ್ನು ಹರಿದುಬಿಡುತ್ತೇನೆ. ಯಾರಿಗೂ ಗೊತ್ತಾಗುವುದಿಲ್ಲ.”

ಅವರು ಎದ್ದು ಕೂರಲು ಹವಣಿಸಿದ್ದು ಕೋಪದಿಂದ. “ನೀವು ಕದ್ದ ಹರದ್ರ ಅಂವ ಬರದದ್ದ ಖರೆ ಆದಂಗ! ಮಾಡಿದ್ದಕ್ಕ ಕದ್ದ ತಗಸ್ಯಾನ ಅಂತಾರ. ಮುಟ್ಟಬ್ಯಾಡ್ರಿ. ಅಂವನ ಕೈಲೇ ಬರಸ್ರಿ. ನಾ ಇರಲಿ, ಇಲ್ಲದಿರಲಿ.”

“ಬರೆಸುತ್ತೇನೆ.”

“ಒಂಬತ್ತು ಭಾನುವಾರ ಬಾಕಿ ಐತಿ ನಿಮ್ಮದು, ನೆನಪಿರಲಿ,” ಎಂದು ದಿಂಬಿಗೊರಗಿದರು. ಅದು ಹಾಸ್ಯವೆಂದು ಅವರ ತುಟಿ ಹೇಳಿತು, ಕಣ್ಣು ಹೇಳಲಿಲ್ಲ.

ಮುಂದಿನ ವಾರ ಅವರು ತೀರಿಕೊಂಡರು. ಚಿತಾಗಾರದ ಹೊರಗೆ ಎಲ್ಲರ ಫೋನುಗಳೂ ಒಟ್ಟಿಗೆ ಮಿಡಿದವು. ಕ್ಲಬ್ಬಿನ ಗುಂಪಿನಲ್ಲಿ ಸಂಚಾಲಕರು ದೂರದೇಶದಿಂದ ಬರೆದಿದ್ದರು: ‘ಅಂಕಲ್ ವಾಸ್ ಎ ಜೆಮ್. ನಮಗೆಲ್ಲ ಫ್ಯಾಮಿಲಿ ಇದ್ದ ಹಾಗಿದ್ರು.’ ಕೆಳಗೆ ಜೋಡಿಸಿದ ಕೈಗಳು ಮೂರು ಜೊತೆ. ನಾಲ್ಕು ಸಾಲಿನ ಹಿಂತೆಗೆತಕ್ಕೆ ಸಿಗದ ಬಿಡುವು ಈ ಸಂದೇಶಕ್ಕೆ ಸಿಕ್ಕಿತ್ತು. ನಾನು ಅಳುವುದನ್ನು ನಿಲ್ಲಿಸಿದೆ.

ಕಾಕಾ ನನಗೆ ಕಲಿಸಿದ್ದು ಗುರಿ ಹಿಡಿಯುವುದನ್ನು ಎಂದು ಬರೆದರೆ ಈ ವ್ಯಕ್ತಿಚಿತ್ರ ಸುಂದರವಾಗಿ ಮುಗಿಯುತ್ತಿತ್ತು. ಅದು ಪೂರ್ಣ ಸತ್ಯವಲ್ಲ. ಕಂಡದ್ದನ್ನು ಕಂಡ ದಿನವೇ ಹೇಳಬೇಕೆಂದು ಕಲಿಸಿದರು. ಹೇಳದೆ ಹೋದರೆ ಆಮೇಲೆ ಎಷ್ಟು ದಿನ ದುಡಿಯಬೇಕಾಗುತ್ತದೆಂಬುದನ್ನೂ ಕಲಿಸಿದರು. ಆ ದುಡಿಮೆ ಇನ್ನೂ ನಡೆದಿದೆ.

ಸಂಚಾಲಕರು ಈ ವರ್ಷ ಮಾಂಟ್ ಕಿಯಾರಾಕ್ಕೆ ಮರಳಿದ್ದಾರೆ. ಕ್ಲಬ್ಬಿಗೆ ಮತ್ತೆ ಸೇರಲು ಅರ್ಜಿ ಹಾಕಿದ್ದಾರೆ. ಸದಸ್ಯತ್ವದ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ಈಗ ನನ್ನದೆಂಬುದು ಅವರಿಗೆ ತಿಳಿದಿರಲಿಲ್ಲ. ‘ಹಿಂದೆ ಕ್ಲಬ್ಬನ್ನು ತೊರೆದ ಕಾರಣ’ ಎಂಬ ಕಾಲಮ್ಮಿನಲ್ಲಿ ‘ವೈಯಕ್ತಿಕ’ ಎಂದು ಬರೆದಿದ್ದರು. ವಿವರ ಸಾಲದೆಂದು ಮರಳಿಸಿದೆ. ‘ವರ್ಗಾವಣೆ’ ಎಂದು ತುಂಬಿ ಕಳಿಸಿದರು. ಬಾಕಿ ಇರುವ ದೂರಿನ ಉಲ್ಲೇಖವಿಲ್ಲವೆಂದು ಮತ್ತೆ ಮರಳಿಸಿದೆ. ಮೂರನೆಯ ಸಲ ಕಾಲಮ್ಮನ್ನು ಖಾಲಿ ಬಿಟ್ಟರು, ಅಪೂರ್ಣವೆಂದು ಮರಳಿಸಿದೆ. ಪುವಾನ್ ಪ್ರತಿ ಸಲವೂ ನನ್ನ ಟಿಪ್ಪಣಿಯ ಕೆಳಗೆ ರುಜು ಹಾಕಿದರು.

ನಿನ್ನೆ ಅವರು ಫೋನು ಮಾಡಿದರು. “ಮೇಡಂ, ನಿಮಗೇನು ಬೇಕು ಹೇಳಿಬಿಡಿ. ಪಾಪ, ಅಂಕಲ್ಲೇ ಹೋಗ್ಬಿಟ್ರಲ್ಲ. ಇನ್ನು ಬರೆದ್ರೆಷ್ಟು, ಬಿಟ್ರೆಷ್ಟು?”

“ಅವರು ಹೋಗಿದ್ದಾರೆ, ಸಾರ್. ತಮ್ಮ ಪುಟ ಇನ್ನೂ ಇಲ್ಲೇ ಇದೆ.”

“ಬರೆದುಕೊಟ್ರೆ ಮೆಂಬರ್‌ಶಿಪ್ ಆಗುತ್ತಾ?”

“ಮೊದಲು ಬರೆಯಿರಿ. ಆಮೇಲೆ ಓದಿ ನೋಡುತ್ತೇನೆ.”

ಇಂದು ಬೆಳಿಗ್ಗೆ ನಾಲ್ಕನೆಯ ಖಾಲಿ ನಮೂನೆಯನ್ನು ಅವರ ವಿಳಾಸಕ್ಕೆ ಕಳಿಸಿದ್ದೇನೆ. ಆ ಒಂದು ಕಾಲಮ್ಮಿಗೆ ಜಾಗ ಸಾಲದಿರಬಹುದೆಂದು ಗೆರೆ ಎಳೆದ ಒಂದು ಬಿಳಿ ಹಾಳೆಯನ್ನು ಜೊತೆಗಿಟ್ಟಿದ್ದೇನೆ. ಅದು ತುಂಬಿ ಬಂದ ದಿನ ಕಾಕಾರ ಕಡತದಿಂದ ದೂರಿನ ಪುಟವನ್ನು ಎಲ್ಲರೆದುರು ತೆಗೆಯುತ್ತೇನೆ. ಅರ್ಜಿಯನ್ನು ಅದರ ಮರುದಿನ ತಿರಸ್ಕರಿಸುತ್ತೇನೆ.